ಹಾರಲು ಕಲಿಯುವುದಕ್ಕೆ ಕಟ್ಟಿದ ಫೀಸು

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ಕಾಲದಲ್ಲಿ ನನಗೊಂದು ಅಭ್ಯಾಸವಿತ್ತು. ಪಾಠ ಮುಗಿದು ಗಂಟೆ ಹೊಡೆಯಲು ಇನ್ನೂ ಐದು ಹತ್ತು ನಿಮಿಷವಿದ್ದರೆ ಪುಸ್ತಕ ಮುಚ್ಚಿಟ್ಟು ಯಾರಾದರೊಬ್ಬ ಸಾಹಸಿಯ ಕಥೆ ಹೇಳುತ್ತಿದ್ದೆ. ಅವುಗಳಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳಿ ಹೇಳಿಸಿಕೊಳ್ಳುತ್ತಿದ್ದುದು ಅಮೆರಿಕದ ಚಾರ್ಲ್ಸ್ ಲಿಂಡ್‌ಬರ್ಗ್‌ನ ಕಥೆ. 1927ರ ಮೇ 20ರ ಬೆಳಿಗ್ಗೆ ನ್ಯೂಯಾರ್ಕಿನಿಂದ ಒಬ್ಬನೇ ಹೊರಟು, ಮೂವತ್ತಮೂರೂವರೆ ಗಂಟೆಗಳ ಕಾಲ ನಿದ್ದೆಗೆಟ್ಟು ಅಟ್ಲಾಂಟಿಕ್ ಸಾಗರವನ್ನು ದಾಟಿ ಪ್ಯಾರಿಸ್ಸಿನಲ್ಲಿ ಇಳಿದವನು. 25,000 ಡಾಲರುಗಳ ಬಹುಮಾನವನ್ನು ಗೆದ್ದವನು. ಆಗ ಅವನಿಗೆ ಇಪ್ಪತ್ತೈದು ವರ್ಷ. ‘ಮನಸ್ಸಿದ್ದರೆ ಮಾರ್ಗ’ ಎಂದು ಹೇಳಿ ನಾನು ಕಥೆ ಮುಗಿಸುತ್ತಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಆ ಮಕ್ಕಳಲ್ಲಿ ತೆಂಗಿನ ತೋಟವಿದ್ದ ರೈತರೊಬ್ಬರ ಮಗನೂ ಇದ್ದ. ಗಣಿತದಲ್ಲಿ ಚುರುಕು. ಪಿಯುಸಿ ಮುಗಿಸಿದವನೇ ಪೈಲಟ್ ಆಗುತ್ತೇನೆಂದು ಹಟ ಹಿಡಿದ. ಅವನ ತಂದೆ ಒಂದು ಸಂಜೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತು, “ಮೇಷ್ಟ್ರೇ, ನನಗೆ ಇದೊಂದೂ ತಿಳಿಯಲ್ಲ, ನೀವು ಹೆಂಗೆ ಹೇಳ್ತೀರೋ ಹಂಗೆ” ಎಂದರು. “ಹುಡುಗ ಬುದ್ಧಿವಂತ, ಧೈರ್ಯ ಮಾಡಿ” ಎಂದೆ. ಅವರು ತೋಟದ ಪತ್ರವನ್ನು ಅಡವಿಟ್ಟು ಧೈರ್ಯ ಮಾಡಿದರು. ಆ ಹುಡುಗ ಹೊರರಾಜ್ಯದ ಒಂದು ಹಾರಾಟ ಶಾಲೆಗೆ ಸೇರಿದ. ಮುಂದೆ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ತರಗತಿಯಲ್ಲಿ ನಾನು ಹೇಳದೆ ಬಿಟ್ಟ ಅರ್ಧ ಕಥೆಯನ್ನು ಹೇಳಬೇಕಾಗಿದೆ. ನಿಜ ಹೇಳುವುದಾದರೆ ಆ ಅರ್ಧ ಆಗ ನನಗೇ ಗೊತ್ತಿರಲಿಲ್ಲ. ನಿವೃತ್ತಿಯ ನಂತರ ಬಿಡುವಾಗಿ ಓದಿ ತಿಳಿದುಕೊಂಡದ್ದು.

ಲಿಂಡ್‌ಬರ್ಗ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವನು. ಅಂಕಗಳು ತೀರ ಕಡಿಮೆ ಬಂದು 1922ರ ಆರಂಭದಲ್ಲಿ ಓದನ್ನು ಅರ್ಧಕ್ಕೇ ಬಿಟ್ಟ. ಆ ವಸಂತದಲ್ಲಿ ನೆಬ್ರಾಸ್ಕಾ ಪ್ರಾಂತದ ಲಿಂಕನ್ ಪಟ್ಟಣಕ್ಕೆ ಹೋಗಿ, ನೆಬ್ರಾಸ್ಕಾ ಏರ್‌ಕ್ರಾಫ್ಟ್ ಕಾರ್ಪೊರೇಷನ್ ಎಂಬ ಕಂಪನಿ ನಡೆಸುತ್ತಿದ್ದ ಹಾರಾಟ ಶಾಲೆಗೆ ಸೇರಿದ. ಫೀಸು 500 ಡಾಲರು. ಅದು ಎಷ್ಟು ದೊಡ್ಡ ಮೊತ್ತವೆಂದು ತಿಳಿಯಲು ಒಂದು ಹೋಲಿಕೆ ಸಾಕು: ಮರುವರ್ಷ ಅವನು ಸೈನ್ಯದ ಹಳೆಯ ವಿಮಾನವೊಂದನ್ನೇ ಕೊಂಡಾಗ ತೆತ್ತ ಬೆಲೆಯೂ ಅಷ್ಟೇ, 500 ಡಾಲರು!

ಮೊದಲ ಮಹಾಯುದ್ಧ ಮುಗಿದು ಸೈನ್ಯಕ್ಕೆ ಬೇಡವಾದ ವಿಮಾನಗಳು ಅಗ್ಗಕ್ಕೆ ಮಾರಾಟವಾಗುತ್ತಿದ್ದ ಕಾಲ ಅದು. ಆ ಕಂಪನಿಯ ಮುಖ್ಯ ಕಸುಬು ಅಂತಹ ವಿಮಾನಗಳನ್ನು ದುರಸ್ತಿ ಮಾಡಿ ಮಾರುವುದು. ಶಾಲೆಯೆಂಬುದು ಅದರ ಬಾಲ. ಲಿಂಡ್‌ಬರ್ಗ್ ಅಲ್ಲಿಗೆ ಹೋಗಿ ನೋಡಿದರೆ ಇಡೀ ಶಾಲೆಗೆ ಅವನೊಬ್ಬನೇ ವಿದ್ಯಾರ್ಥಿ. ಏಪ್ರಿಲ್ 9ರಂದು ಜೀವನದಲ್ಲಿ ಮೊದಲ ಬಾರಿಗೆ ವಿಮಾನವೇರಿದ. ಆದರೆ ಪಾಠಗಳು ಕುಂಟುತ್ತಾ ಸಾಗಿದವು. ಕಲಿಸಲು ನೇಮಕವಾಗಿದ್ದ ಐರಾ ಬಿಫ್ಲ್ ನುರಿತ ಪೈಲಟ್ಟೇ ಹೌದು. ಆದರೆ ಆತ್ಮೀಯ ಗೆಳೆಯನೊಬ್ಬ ಅಪಘಾತದಲ್ಲಿ ಸತ್ತ ಮೇಲೆ ಆತನಿಗೆ ಹಾರಾಟದ ಮೇಲಿನ ಆಸೆಯೇ ಬತ್ತಿಹೋಗಿತ್ತು. ಗಾಳಿ ಇದ್ದರೆ ಇಂದು ಬೇಡ, ಬಿಸಿಲೇರಿದರೆ ಸಂಜೆಗೆ ನೋಡೋಣ! ಹೀಗೆ ದಿನಗಳು ಉರುಳಿದವು. ವಿದ್ಯಾರ್ಥಿ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಾ ಕಾದ.

ಸುಮಾರು ಎಂಟು ಗಂಟೆಗಳ ಹಾರಾಟ ಮುಗಿಯುವ ಹೊತ್ತಿಗೆ ಶಾಲೆಯಲ್ಲಿದ್ದ ಒಂದೇ ಒಂದು ತರಬೇತಿ ವಿಮಾನ ಮಾರಾಟವಾಯಿತು. ಒಬ್ಬನೇ ಹಾರಿ ತೋರಿಸದೆ ಯಾರನ್ನೂ ಪೈಲಟ್ ಎನ್ನುವುದಿಲ್ಲವಷ್ಟೆ? ವಿಮಾನ ಕೈಬಿಟ್ಟುಹೋಗುವ ಮುನ್ನ ಒಮ್ಮೆ ಒಬ್ಬನೇ ಹಾರುತ್ತೇನೆಂದು ಕೇಳಿಕೊಂಡರೆ, ವಿಮಾನಕ್ಕೆ ಪೆಟ್ಟಾದೀತು, ಮೊದಲು ಠೇವಣಿ ಇಡು ಎಂದರು. ಅಷ್ಟು ಹಣ ಅವನಲ್ಲಿರಲಿಲ್ಲ. ಪೂರ್ತಿ ಫೀಸು ಕಟ್ಟಿದ ವಿದ್ಯಾರ್ಥಿ ಅರೆಬರೆ ಕಲಿತು ಹೊರಬಿದ್ದ.

ನನ್ನನ್ನು ಬೆರಗುಗೊಳಿಸಿದ್ದು ಅವನು ಆಮೇಲೆ ಮಾಡಿದ ಕೆಲಸ. ಆ ವಿಮಾನವನ್ನು ಕೊಂಡ ಪೈಲಟ್ಟಿನ ಹಿಂದೆಯೇ, ತನ್ನ ಖರ್ಚನ್ನು ತಾನೇ ಹಾಕಿಕೊಂಡು, ಸಹಾಯಕನಾಗಿ ಹೊರಟ. ಊರೂರು ಸುತ್ತಿ ವಿಮಾನದಾಟ ತೋರಿಸುವ ತಂಡಗಳಲ್ಲಿ, ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ನಡೆದು, ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿ ಜನರನ್ನು ರಂಜಿಸಿದ. 1923ರಲ್ಲಿ ತಂದೆ ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತ ಮೇಲೆ, ಜಾರ್ಜಿಯಾದಲ್ಲಿ ‘ಜೆನ್ನಿ’ ಎಂಬ ಆ ಹಳೆಯ ವಿಮಾನವನ್ನು ಕೊಂಡ. ಅಪರಿಚಿತ ಪೈಲಟ್ಟೊಬ್ಬ ಪುಕ್ಕಟೆಯಾಗಿ ಅರ್ಧ ಗಂಟೆ ಹೇಳಿಕೊಟ್ಟ. ಆಮೇಲೆ ಒಬ್ಬನೇ ಹಾರಿದ. 500 ಡಾಲರಿನ ಶಾಲೆ ಕೊಡದೆ ಉಳಿಸಿಕೊಂಡದ್ದನ್ನು ದಾರಿಹೋಕನೊಬ್ಬ ಕೊಟ್ಟಿದ್ದ.

ಅವನು ಪರಿಪೂರ್ಣ ವಿಮಾನಚಾಲಕನಾದದ್ದು ಮಾತ್ರ 1924ರಲ್ಲಿ, ಟೆಕ್ಸಾಸಿನ ಸೈನಿಕ ಹಾರಾಟ ಶಾಲೆಗೆ ಸೇರಿದ ಮೇಲೆ. ಅಲ್ಲಿ ಫೀಸಿಲ್ಲ, ವಿಮಾನ, ಪೆಟ್ರೋಲು, ಶಿಕ್ಷಕರು ಎಲ್ಲವೂ ಸರ್ಕಾರದ್ದು. ಪರೀಕ್ಷೆ ಮಾತ್ರ ಕಠಿಣ. 104 ಮಂದಿ ಸೇರಿದವರಲ್ಲಿ ಒಂದು ವರ್ಷದ ನಂತರ ಉಳಿದವರು 18 ಮಂದಿ. ಅವರಲ್ಲಿ ಮೊದಲಿಗನಾಗಿ ಬಂದವನು ಕಾಲೇಜಿನಲ್ಲಿ ಅಂಕ ಬಾರದೆ ಹೊರಬಂದಿದ್ದ ಇದೇ ಲಿಂಡ್‌ಬರ್ಗ್. ಫೀಸು ಕಟ್ಟಿಸಿಕೊಂಡ ಶಾಲೆ ವಿದ್ಯಾರ್ಥಿಯ ಜೇಬನ್ನು ನೋಡಿತು, ಸೈನ್ಯದ ಶಾಲೆ ಅವನ ಯೋಗ್ಯತೆಯನ್ನು ನೋಡಿತು.

ಹಣವಿದ್ದರೂ ಬಾಗಿಲು ತೆರೆಯದವರಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಷಿಕಾಗೋದ ಕ್ಷೌರದಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದಿ ಜೀವನ ನಡೆಸುತ್ತಿದ್ದ ಬೆಸಿ ಕೋಲ್ಮನ್‌ಳನ್ನು, ಕಪ್ಪು ಜನಾಂಗದವಳು, ಮೇಲಾಗಿ ಹೆಣ್ಣು ಎಂಬ ಕಾರಣಕ್ಕೆ ಅಮೆರಿಕದ ಹಾರಾಟ ಶಾಲೆಗಳು ಸೇರಿಸಿಕೊಳ್ಳಲಿಲ್ಲ. ಆಕೆ ಫ್ರೆಂಚ್ ಭಾಷೆ ಕಲಿತು, ಕೂಡಿಟ್ಟ ಹಣಕ್ಕೆ ಹಿತೈಷಿಗಳ ನೆರವನ್ನೂ ಸೇರಿಸಿಕೊಂಡು, 1920ರಲ್ಲಿ ಹಡಗು ಹತ್ತಿ ಫ್ರಾನ್ಸಿಗೆ ಹೋದಳು. 1921ರ ಜೂನ್ 15ರಂದು ಲೈಸೆನ್ಸ್ ಪಡೆದಳು. ತನ್ನ ಜನರಿಗಾಗಿ ಒಂದು ಹಾರಾಟ ಶಾಲೆ ತೆರೆಯಬೇಕೆಂಬುದು ಆಕೆಯ ಕನಸು. ಅದು ಕೈಗೂಡುವ ಮುನ್ನವೇ 1926ರಲ್ಲಿ ವಿಮಾನದಿಂದ ಬಿದ್ದು ತೀರಿಕೊಂಡಳು.

ನಮ್ಮಲ್ಲಿಯೂ ಈ ವಿದ್ಯೆಯನ್ನು ಪೂರ್ತಿಯಾಗಿ ಹಣವಂತರಿಗೇ ಬಿಡಬಾರದೆಂಬ ವಿವೇಕ ಇತ್ತು. 1948ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಆರಂಭವಾಯಿತು. 1985ರಲ್ಲಿ ಕೇಂದ್ರ ಸರ್ಕಾರ ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯನ್ನು ಸ್ಥಾಪಿಸಿತು. ಆದರೂ ವೆಚ್ಚವೆಂಬುದು ಈ ವಿದ್ಯೆಯ ಹುಟ್ಟುಗುಣ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಈಗ 200 ಗಂಟೆಗಳ ಹಾರಾಟ ಬೇಕು. ಪ್ರತಿ ಗಂಟೆಗೂ ಪೆಟ್ರೋಲು ಉರಿಯುತ್ತದೆ, ಇಂಜಿನ್ ಸವೆಯುತ್ತದೆ, ಪಾಠದ ಗಂಟೆಗಳಲ್ಲಿ ಪಕ್ಕದಲ್ಲಿ ಶಿಕ್ಷಕ ಕುಳಿತಿರಬೇಕಾಗುತ್ತದೆ. ನನ್ನಂಥ ಮೇಷ್ಟ್ರು ಒಂದು ಸೀಮೆಸುಣ್ಣದಿಂದ ಅರವತ್ತು ಮಕ್ಕಳಿಗೆ ಕಲಿಸಬಲ್ಲ. ಹಾರಾಟದ ಗುರು ಒಮ್ಮೆಗೆ ಒಬ್ಬನಿಗಷ್ಟೇ ಕಲಿಸಬಲ್ಲ. ಹಾಗಾಗಿ ಇಂದು ಒಟ್ಟು ಖರ್ಚು ಹತ್ತಾರು ಲಕ್ಷ ರೂಪಾಯಿ. ನಿರ್ದಿಷ್ಟ ಮಾದರಿಯ ದೊಡ್ಡ ವಿಮಾನ ನಡೆಸುವ ತರಬೇತಿಗೆ ಮತ್ತೆ ಬೇರೆ ಲಕ್ಷಗಳು. ‘ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ’ ಎಂಬ ಗಾದೆಯನ್ನು ನಾನು ಜೀವಮಾನವಿಡೀ ಕರಿಹಲಗೆಯ ಮೇಲೆ ಬರೆದವನು. ಈ ವಿದ್ಯೆಯ ವಿಷಯದಲ್ಲಿ ಮಾತ್ರ ಆ ಗಾದೆ ನನ್ನ ಕೈಹಿಡಿಯಲಿಲ್ಲ.

ಇನ್ನು ನಮ್ಮ ಹುಡುಗನ ವಿಷಯ. ಆ ಶಾಲೆ ಮುಂಗಡವಾಗಿಯೇ ಬಹುಪಾಲು ಹಣ ಕಟ್ಟಿಸಿಕೊಂಡಿತ್ತು. ಒಂದು ವಿಮಾನ ಬಿಡಿಭಾಗಕ್ಕಾಗಿ ಕಾಯುತ್ತಿತ್ತು, ಇನ್ನೊಂದಕ್ಕೆ ಹುಡುಗರು ಸಾಲುಗಟ್ಟಿ ಕಾಯುತ್ತಿದ್ದರು. ಒಂದು ವರ್ಷದಲ್ಲಿ ಮುಗಿಯುವುದೆಂದಿದ್ದ ತರಬೇತಿ ಎರಡೂವರೆ ವರ್ಷ ಎಳೆದರೂ ಅರ್ಧ ಗಂಟೆಗಳೂ ಪೂರೈಸಲಿಲ್ಲ. ಅಷ್ಟರಲ್ಲಿ ಬ್ಯಾಂಕಿನ ಕಂತು ಶುರುವಾಗಿತ್ತು. ಅವನು ಹಿಂದಿರುಗಿ ಬಂದು ಕೆಲಸ ಹಿಡಿದು, ಸಾಲ ತೀರಿಸಿ ತೋಟದ ಪತ್ರವನ್ನು ಬಿಡಿಸಿಕೊಳ್ಳಲು ಒಂಬತ್ತು ವರ್ಷ ಹಿಡಿಯಿತು. ಲೈಸೆನ್ಸ್ ಸಿಗಲಿಲ್ಲ. ಅವನ ತಂದೆ ಒಂದು ದಿನವೂ ನನ್ನನ್ನು ದೂರಲಿಲ್ಲ. ಯುಗಾದಿಗೆ ಎಳನೀರು ಕಳುಹಿಸುವುದನ್ನೂ ನಿಲ್ಲಿಸಲಿಲ್ಲ. ಅದನ್ನು ಕುಡಿಯುವಾಗ ನನಗಾಗುತ್ತಿದ್ದ ಸಂಕಟವನ್ನು ಹೇಗೆ ಬರೆಯಲಿ?

ಈಚೆಗೆ ಅವನು ಮನೆಗೆ ಬಂದಿದ್ದಾಗ ಲಿಂಕನ್ ಶಾಲೆಯ ಈ ವೃತ್ತಾಂತವನ್ನು ಹೇಳಿದೆ. ಮೌನವಾಗಿ ಕೇಳಿ, “ಇದನ್ನ ಆಗಲೇ ಹೇಳಿದ್ದಿದ್ರೂ ನಾನು ಹೋಗ್ತಿದ್ದೆ ಸಾರ್. ಆದರೆ ವಿಮಾನ ಎಷ್ಟಿದೆ ಅಂತ ಕೇಳಿ ಹೋಗ್ತಿದ್ದೆ” ಎಂದ.

ಓದುಗ ಮಿತ್ರರೇ, ನಿಮ್ಮ ಮನೆಯಲ್ಲಿ ಹಾರುವ ಕನಸಿನ ಮಕ್ಕಳಿದ್ದರೆ ದಯವಿಟ್ಟು ತಡೆಯಬೇಡಿ. ಆದರೆ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಶಿಕ್ಷಕರೆಷ್ಟು, ಕಳೆದ ವರ್ಷ ಲೈಸೆನ್ಸ್ ಪಡೆದು ಹೊರಬಂದವರೆಷ್ಟು ಎಂದು ಕೇಳಿ. ಹಣವನ್ನು ಹಾರಿದ ಗಂಟೆಗಳ ಲೆಕ್ಕದಲ್ಲಿ ಕಂತುಕಂತಾಗಿ ಕಟ್ಟಿ. ಅಲ್ಲಿ ಕಲಿಯುತ್ತಿರುವ ಹುಡುಗರನ್ನು ಗೇಟಿನ ಹೊರಗೆ, ಚಹಾದಂಗಡಿಯಲ್ಲಿ ಮಾತನಾಡಿಸಿ. ಅಂದು ಜಗಲಿಯ ಮೇಲೆ ನಾನು ಹೇಳಬೇಕಾಗಿದ್ದ ಮಾತುಗಳು ಇವು.