ಹರ್ಮನ್ ಮೋಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ (ಮೇ 29, 1811 – ಮೇ 10, 1881) ಜರ್ಮನಿಯ ವಿದ್ವಾಂಸ ಹಾಗೂ ಬಾಸೆಲ್ ಮಿಷನ್ನಿನ ಪಾದ್ರಿ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಮಂಗಳೂರಿನಿಂದ ಹೊರಡಿಸಿದವರು ಇವರು. ಆ ಕಾರಣಕ್ಕಾಗಿ ಇವರನ್ನು ಕನ್ನಡ ಪತ್ರಿಕೋದ್ಯಮದ ಪಿತಾಮಹರೆಂದು ಗೌರವಿಸಲಾಗುತ್ತದೆ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಜರ್ಮನ್ ತತ್ತ್ವಶಾಸ್ತ್ರ ಮತ್ತು ದೇವತಾಶಾಸ್ತ್ರಗಳ ಪರಿಸರದಲ್ಲಿ ಶಿಕ್ಷಣ ಪಡೆದ ಮೋಗ್ಲಿಂಗ್, ಕನ್ನಡದ ಕಾವ್ಯ, ಪುರಾಣ ಮತ್ತು ದಾಸರ ಪದಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲಿಕೆಯಲ್ಲಿ ಮುದ್ರಿಸಿ ಪ್ರಕಟಿಸಿದರು. ಹಸ್ತಪ್ರತಿಗಳಲ್ಲಿ ಮಾತ್ರ ಉಳಿದಿದ್ದ ಹಲವು ಕೃತಿಗಳು ಇದರಿಂದಾಗಿ ಮುದ್ರಿತ ಪುಸ್ತಕಗಳಾಗಿ ಓದುಗರ ಕೈಸೇರಿದವು.

ಜನನ ಮತ್ತು ವಿದ್ಯಾಭ್ಯಾಸ

ಮೋಗ್ಲಿಂಗ್ ಅವರು ಜರ್ಮನಿಯ ವ್ಯೂರ್ಟೆಂಬರ್ಗ್ ಸಂಸ್ಥಾನದ ಬ್ರಾಕನ್‌ಹೈಮ್ ಎಂಬ ಪಟ್ಟಣದಲ್ಲಿ ಜನಿಸಿದರು. ಆ ಸಂಸ್ಥಾನದಲ್ಲಿ ಪಾದ್ರಿಗಳಾಗಬಯಸುವ ಪ್ರತಿಭಾವಂತ ವಿದ್ಯಾರ್ಥಿಗಳು ಟ್ಯೂಬಿಂಗನ್ ನಗರದ ‘ಸ್ಟಿಫ್ಟ್’ ಎಂಬ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ವಿಶ್ವವಿದ್ಯಾಲಯದಲ್ಲಿ ಓದುವ ಪದ್ಧತಿ ಇತ್ತು. ಅಲ್ಲಿಯ ಪಾಠಕ್ರಮದಲ್ಲಿ ದೇವತಾಶಾಸ್ತ್ರಕ್ಕೆ ಮೊದಲು ತತ್ತ್ವಶಾಸ್ತ್ರ ಮತ್ತು ಪ್ರಾಚೀನ ಭಾಷೆಗಳ ಅಧ್ಯಯನ ನಡೆಯುತ್ತಿತ್ತು. ಲ್ಯಾಟಿನ್, ಗ್ರೀಕ್ ಹಾಗೂ ಹೀಬ್ರೂ ಗ್ರಂಥಗಳನ್ನು ಮೂಲದಲ್ಲಿಯೇ ಓದುವ ಅಭ್ಯಾಸ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿತ್ತು. ಮೋಗ್ಲಿಂಗ್ ಈ ಪರಂಪರೆಯಲ್ಲಿ ಶಿಕ್ಷಣ ಪೂರೈಸಿದರು.

ಟ್ಯೂಬಿಂಗನ್‌ನ ವೈಚಾರಿಕ ಪರಿಸರ

ಜರ್ಮನ್ ತತ್ತ್ವಶಾಸ್ತ್ರದ ಚರಿತ್ರೆಯಲ್ಲಿ ಟ್ಯೂಬಿಂಗನ್‌ನ ಸ್ಟಿಫ್ಟ್‌ಗೆ ವಿಶಿಷ್ಟ ಸ್ಥಾನವಿದೆ. 18ನೆಯ ಶತಮಾನದ ಕೊನೆಯಲ್ಲಿ ಹೆಗೆಲ್, ಶೆಲ್ಲಿಂಗ್ ಮತ್ತು ಕವಿ ಹ್ಯೋಲ್ಡರ್ಲಿನ್ ಅಲ್ಲಿ ಸಹಪಾಠಿಗಳಾಗಿದ್ದರು. 1826ರಿಂದ ಅಲ್ಲಿ ಪ್ರಾಧ್ಯಾಪಕರಾಗಿದ್ದ ಫರ್ಡಿನಂಡ್ ಕ್ರಿಶ್ಚಿಯನ್ ಬೌರ್, ಧರ್ಮಗ್ರಂಥಗಳನ್ನು ಅವು ಹುಟ್ಟಿದ ಕಾಲ ಮತ್ತು ಸಮಾಜದ ಹಿನ್ನೆಲೆಯಲ್ಲಿಟ್ಟು ಪರಿಶೀಲಿಸುವ ಚಾರಿತ್ರಿಕ ವಿಮರ್ಶೆಯನ್ನು ಬೆಳೆಸಿದರು. ಮುಂದೆ ಇದು ‘ಟ್ಯೂಬಿಂಗನ್ ಪಂಥ’ ಎಂದು ಹೆಸರಾಯಿತು. 1832ರಿಂದ ಡೇವಿಡ್ ಫ್ರೆಡ್ರಿಕ್ ಸ್ಟ್ರೌಸ್ ಅಲ್ಲಿ ಹೆಗೆಲ್‌ನ ತತ್ತ್ವವನ್ನು ಬೋಧಿಸಿದರು. ಯೇಸುವಿನ ಜೀವನಚರಿತ್ರೆಯನ್ನು ಕುರಿತು ಅವರು 1835ರಲ್ಲಿ ಪ್ರಕಟಿಸಿದ ವಿಮರ್ಶಾತ್ಮಕ ಗ್ರಂಥ ಯುರೋಪಿನಾದ್ಯಂತ ವಿವಾದವೆಬ್ಬಿಸಿತು. ಅದರ ಫಲವಾಗಿ ಅವರು ಬೋಧಕ ಹುದ್ದೆಯನ್ನೂ ಕಳೆದುಕೊಂಡರು.

ಇದೇ ಪ್ರದೇಶದಲ್ಲಿ ಇದಕ್ಕೆ ಎದುರಾಗಿ ‘ಪಯಟಿಸಂ’ ಎಂಬ ಭಕ್ತಿಪ್ರಧಾನ ಪ್ರಾಟೆಸ್ಟೆಂಟ್ ಆಂದೋಲನವೂ ಪ್ರಬಲವಾಗಿತ್ತು. ಶಾಸ್ತ್ರಚರ್ಚೆಗಿಂತ ವೈಯಕ್ತಿಕ ಅನುಭವ ಮತ್ತು ಸದಾಚಾರ ಮುಖ್ಯವೆಂಬುದು ಅದರ ನಿಲುವು. ಬಾಸೆಲ್ ಮಿಷನ್ನಿಗೆ ಜನಬಲವನ್ನೂ ಧನಬಲವನ್ನೂ ಬಹುಮಟ್ಟಿಗೆ ಒದಗಿಸಿದುದು ಈ ಆಂದೋಲನವೇ. ಮೋಗ್ಲಿಂಗ್ ಮಿಷನ್ ಸೇರುವ ಮೂಲಕ ಎರಡನೆಯ ದಾರಿಯನ್ನು ಆರಿಸಿಕೊಂಡರು. ಆದರೆ ಗ್ರಂಥವನ್ನು ಮೂಲಭಾಷೆಯಲ್ಲಿಯೇ ಓದಿ ಪಾಠವನ್ನು ನಿರ್ಣಯಿಸಬೇಕೆಂಬ ವಿಶ್ವವಿದ್ಯಾಲಯದ ಶಿಸ್ತು ಅವರೊಡನೆ ಮಂಗಳೂರಿಗೆ ಬಂದಿತು. ಮಲಯಾಳ ನಿಘಂಟುಕಾರರಾದ ಹರ್ಮನ್ ಗುಂಡರ್ಟ್ ಕೂಡ ಟ್ಯೂಬಿಂಗನ್‌ನಲ್ಲಿಯೇ ಓದಿದವರು. ಕುಶಲಕರ್ಮಿಗಳ ಮತ್ತು ಕೃಷಿಕರ ಮನೆಗಳಿಂದ ಬಂದವರೇ ಹೆಚ್ಚಾಗಿದ್ದ ಬಾಸೆಲ್ ಮಿಷನ್ನಿನಲ್ಲಿ ಇಂತಹ ಪದವೀಧರರು ವಿರಳವಾಗಿದ್ದರು.

ಮಂಗಳೂರಿನಲ್ಲಿ

1833ರ ಶಾಸನದಿಂದಾಗಿ ಬ್ರಿಟಿಷೇತರ ಮಿಷನ್‌ಗಳಿಗೂ ಕಂಪನಿಯ ಆಳ್ವಿಕೆಯ ಪ್ರದೇಶಗಳಲ್ಲಿ ಕೆಲಸ ಮಾಡುವ ಅವಕಾಶ ದೊರೆಯಿತು. ಮರುವರ್ಷವೇ ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನಿನ ಭಾರತದ ಮೊದಲ ಕೇಂದ್ರವನ್ನು ಆರಂಭಿಸಿದರು. ಮೋಗ್ಲಿಂಗ್ 1836ರ ಕೊನೆಯಲ್ಲಿ ಅವರನ್ನು ಸೇರಿಕೊಂಡರು.

ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿನಲ್ಲಿ ತುಳು, ಕೊಂಕಣಿ ಮತ್ತು ಬ್ಯಾರಿ ಮನೆಮಾತುಗಳಾಗಿದ್ದರೆ, ಕನ್ನಡವು ಕಚೇರಿ, ಪಾಠಶಾಲೆ ಮತ್ತು ಕಾವ್ಯವಾಚನದ ಭಾಷೆಯಾಗಿತ್ತು. ಮೋಗ್ಲಿಂಗ್ ಕನ್ನಡದಲ್ಲಿ ಪ್ರಭುತ್ವ ಪಡೆದು, ಬಲ್ಮಠದಲ್ಲಿ ವಿದ್ಯಾರ್ಥಿಗಳನ್ನು ಜೊತೆಗಿರಿಸಿಕೊಂಡು ಪಾಠ ಹೇಳಿದರು. 1847ರಲ್ಲಿ ಆರಂಭವಾದ ಅಲ್ಲಿಯ ದೇವತಾಶಾಸ್ತ್ರ ಶಾಲೆ ಇಂದು ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಎಂಬ ಹೆಸರಿನಲ್ಲಿ ಮುಂದುವರಿದಿದೆ.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿ, ಮೋಗ್ಲಿಂಗರ ಹೆಸರಿನಿಂದ ‘ಹರ್ಮನ್’ ಎಂಬ ಭಾಗವನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಈ ಮತಾಂತರವನ್ನು ಅವರ ಸಮುದಾಯ ತೀವ್ರವಾಗಿ ವಿರೋಧಿಸಿತು. ಕೌಂಡಿನ್ಯರು ಬಾಸೆಲ್‌ನಲ್ಲಿ ಶಿಕ್ಷಣ ಪಡೆದು 1851ರಲ್ಲಿ ಮರಳಿ, ಮಿಷನ್ನಿನಲ್ಲಿ ಯುರೋಪಿಯನ್ನರಿಗೆ ಸಮಾನವಾದ ಪದವಿ ಪಡೆದ ಮೊದಲ ಭಾರತೀಯರಾದರು.

ಮಂಗಳೂರು ಸಮಾಚಾರ

ಗಾಟ್‌ಫ್ರೀಡ್ ವೈಗ್ಲೆಯವರ ಶ್ರಮದಿಂದ 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾಯಿತು. ಅಲ್ಲಿ ಆಗ ಇದ್ದುದು ಕಲ್ಲಚ್ಚು. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯ ಬರಹವನ್ನು ಮೂಡಿಸಿ, ಕಲ್ಲನ್ನು ನೀರಿನಿಂದ ತೇವಗೊಳಿಸಿದಾಗ, ಮುದ್ರಣದ ಎಣ್ಣೆಮಸಿ ಬರಹವಿರುವ ಕಡೆ ಮಾತ್ರ ಅಂಟುತ್ತದೆ. ಅದರ ಮೇಲೆ ಕಾಗದವಿಟ್ಟು ಒತ್ತಿದರೆ ಬರಹದ ಪ್ರತಿ ದೊರೆಯುತ್ತದೆ. ಒತ್ತಕ್ಷರ ಮತ್ತು ಗುಣಿತಾಕ್ಷರಗಳಿಗಾಗಿ ನೂರಾರು ಅಚ್ಚುಮೊಳೆಗಳು ಬೇಕಾಗುವ ಕನ್ನಡಕ್ಕೆ, ಮೊಳೆಗಳಿಲ್ಲದ ಊರಿನಲ್ಲಿ, ಲಿಪಿಕಾರನ ಕೈಬರಹವನ್ನೇ ಮುದ್ರಿಸಬಲ್ಲ ಈ ವಿಧಾನ ಅನುಕೂಲವಾಗಿತ್ತು.

ಈ ಕಲ್ಲಚ್ಚಿನಲ್ಲಿಯೇ 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆ ಹೊರಬಂದಿತು. ಅದು ನಾಲ್ಕು ಪುಟಗಳ ಪಾಕ್ಷಿಕ. ಊರಿನ ವರ್ತಮಾನ, ಸರಕಾರದ ಹೊಸ ನಿಯಮಗಳು, ದೇಶ ವಿದೇಶಗಳ ಸುದ್ದಿ, ನೀತಿಬೋಧೆ, ಕಥೆ ಮತ್ತು ಹಾಡುಗಳಿಗೆ ಅದರಲ್ಲಿ ಸ್ಥಳವಿತ್ತು. ಮಿಷನ್ನಿನ ಮುದ್ರಣಾಲಯದಿಂದ ಬಂದರೂ ಪತ್ರಿಕೆ ಕೇವಲ ಧರ್ಮಪ್ರಚಾರದ ಹಾಳೆಯಾಗಿರಲಿಲ್ಲ. ಕಂಪನಿ ಸರಕಾರದ ಕಾಯಿದೆಗಳು ಸಾಮಾನ್ಯ ಓದುಗರಿಗೆ ಅವರದೇ ಭಾಷೆಯಲ್ಲಿ ತಿಳಿಯುವಂತಾದುದು ಅದರ ಮುಖ್ಯ ಪ್ರಯೋಜನಗಳಲ್ಲಿ ಒಂದು.

ಘಟ್ಟದ ಮೇಲಿನ ಊರುಗಳಲ್ಲಿಯೂ ಪತ್ರಿಕೆಗೆ ಓದುಗರು ದೊರೆತರು. 1844ರಲ್ಲಿ, ಅಚ್ಚುಮೊಳೆಗಳ ಸೌಲಭ್ಯವಿದ್ದ ಬಳ್ಳಾರಿಗೆ ಮುದ್ರಣವನ್ನು ಸ್ಥಳಾಂತರಿಸಲಾಯಿತು. ಹೆಸರೂ ‘ಕನ್ನಡ ಸಮಾಚಾರ’ ಎಂದು ಬದಲಾಯಿತು. ಮಂಗಳೂರಿನಲ್ಲಿ ಪತ್ರಿಕೆ ನಡೆದುದು ಒಂದು ವರ್ಷಕ್ಕಿಂತ ಕಡಿಮೆ ಅವಧಿಯಾದರೂ, ಒಂದು ಊರಿನ ಹೆಸರಿನಿಂದ ಇಡೀ ಭಾಷೆಯ ಹೆಸರಿಗೆ ಅದು ವಿಸ್ತರಿಸಿದುದು ಗಮನಾರ್ಹವಾಗಿದೆ.

ಬಿಬ್ಲಿಯೋಥಿಕಾ ಕರ್ನಾಟಿಕಾ

ಮೋಗ್ಲಿಂಗರ ವಿದ್ವತ್ತಿನ ಪ್ರಧಾನ ಸಾಧನೆ 1848 ಮತ್ತು 1853ರ ನಡುವೆ ಪ್ರಕಟವಾದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಗ್ರಂಥಮಾಲೆ. ಕಂಪನಿ ಸರಕಾರದ ನಿವೃತ್ತ ಅಧಿಕಾರಿ ಕಾಸಾಮೇಜರ್ ಇದಕ್ಕೆ ಧನಸಹಾಯ ನೀಡಿದರು. ವೈಗ್ಲೆ ಮೊದಲಾದ ಸಹೋದ್ಯೋಗಿಗಳೂ ಈ ಕಾರ್ಯದಲ್ಲಿ ನೆರವಾದರು.

ಈ ಮಾಲಿಕೆಯ ಆಯ್ಕೆ ಕನ್ನಡ ಸಾಹಿತ್ಯದ ಭಿನ್ನ ಧಾರೆಗಳನ್ನು ಒಳಗೊಂಡಿತ್ತು. ಲಕ್ಷ್ಮೀಶನ ‘ಜೈಮಿನಿ ಭಾರತ’ ವೈದಿಕ ಕಾವ್ಯಪರಂಪರೆಗೆ ಸೇರಿದುದಾದರೆ, ಭೀಮಕವಿಯ ‘ಬಸವ ಪುರಾಣ’ ಮತ್ತು ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’ ವೀರಶೈವ ಪರಂಪರೆಗೆ ಸೇರಿದವು. ‘ದಾಸರ ಪದಗಳು’ ಹರಿದಾಸರ ಕೀರ್ತನೆಗಳ ಸಂಕಲನ. ‘ರಾವಣ ದಿಗ್ವಿಜಯ’ ಕರಾವಳಿಯ ಯಕ್ಷಗಾನ ಪ್ರಸಂಗ. ಪಂಡಿತರು ಗೌರವಿಸುತ್ತಿದ್ದ ಕಾವ್ಯದ ಪಕ್ಕದಲ್ಲಿಯೇ ಬೀದಿಯಲ್ಲಿ ಹಾಡುವ ಪದಗಳಿಗೂ ರಾತ್ರಿಯಿಡೀ ಆಡುವ ಆಟದ ಪ್ರಸಂಗಕ್ಕೂ ಸಮಾನ ಸ್ಥಾನ ದೊರೆತುದು ಆ ಕಾಲಕ್ಕೆ ಹೊಸತು. ಜನರ ಹಾಡುಗಳಲ್ಲಿಯೇ ಒಂದು ಜನಾಂಗದ ಮನಸ್ಸನ್ನು ಕಾಣಬೇಕೆಂಬ ವಿಚಾರವನ್ನು 18ನೆಯ ಶತಮಾನದಲ್ಲಿ ಜರ್ಮನ್ ಚಿಂತಕ ಹೆರ್ಡರ್ ಪ್ರತಿಪಾದಿಸಿದ್ದು, ಮೋಗ್ಲಿಂಗರ ತಲೆಮಾರಿನ ವಿದ್ಯಾವಂತರಿಗೆ ಅದು ಪರಿಚಿತವಾಗಿತ್ತು.

ಓಲೆಗರಿ ಮತ್ತು ಕಾಗದದ ಹಸ್ತಪ್ರತಿಗಳಲ್ಲಿ ನಕಲುಗಾರನಿಂದ ನಕಲುಗಾರನಿಗೆ ಪಾಠ ಬದಲಾಗುವುದು ಸಹಜ. ಮುದ್ರಣವು ಒಂದು ಪಾಠವನ್ನು ಸ್ಥಿರಗೊಳಿಸಿ ಅದರ ಅನೇಕ ಪ್ರತಿಗಳನ್ನು ಒಮ್ಮೆಗೇ ಹರಡುತ್ತದೆ. ಕನ್ನಡದಲ್ಲಿ ಬೆಂಜಮಿನ್ ಲೂಯಿಸ್ ರೈಸ್ ಮತ್ತು ಆರ್. ನರಸಿಂಹಾಚಾರ್ಯರ ಸಂಪಾದನ ಕಾರ್ಯಕ್ಕೆ ಹಲವು ದಶಕಗಳ ಮೊದಲೇ ನಡೆದ ಈ ಪ್ರಯತ್ನ ಆ ದೃಷ್ಟಿಯಿಂದ ಮುಖ್ಯವಾಗುತ್ತದೆ.

ಜರ್ಮನ್ ಭಾಷೆಗೆ ಅನುವಾದ

ಮೋಗ್ಲಿಂಗ್ ಹರಿದಾಸರ 24 ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿದರು. ಇವು ಜರ್ಮನ್ ಪೌರ್ವಾತ್ಯ ಸಂಘದ ನಿಯತಕಾಲಿಕೆಯಲ್ಲಿ 1860ರಲ್ಲಿ ಪ್ರಕಟವಾದವು. 1870ರ ದಶಕದ ಆರಂಭದಲ್ಲಿ ‘ಜೈಮಿನಿ ಭಾರತ’ದ ಮೊದಲ ಎರಡು ಸಂಧಿಗಳ ಅನುವಾದವನ್ನೂ ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಭಾರತದ ಅಧ್ಯಯನವೆಂದರೆ ಬಹುಮಟ್ಟಿಗೆ ಸಂಸ್ಕೃತದ ಅಧ್ಯಯನವೇ ಆಗಿದ್ದ ಕಾಲವದು. ಷೋಪನ್‌ಹೌರ್‌ನಂತಹ ತತ್ತ್ವಜ್ಞಾನಿಗಳು ಉಪನಿಷತ್ತುಗಳನ್ನು ಅರಿತುದೂ ಅನುವಾದಗಳ ಮೂಲಕವೇ. ದೇಶಭಾಷೆಯೊಂದರ ಜೀವಂತ ಭಕ್ತಿಸಾಹಿತ್ಯವನ್ನು ಆ ವಿದ್ವತ್ಸಮುದಾಯದ ಮುಂದಿಟ್ಟುದು ಮೋಗ್ಲಿಂಗರ ವಿಶೇಷ.

ಕೊಡಗಿನಲ್ಲಿ

1852ರಲ್ಲಿ ಅಲಮಂಡ ಸೋಮಯ್ಯ ಎಂಬ ಕೊಡವ ಸಂನ್ಯಾಸಿ ಮಂಗಳೂರಿಗೆ ಬಂದು ಮೋಗ್ಲಿಂಗರನ್ನು ಭೇಟಿಯಾದರು. ಸ್ವದೇಶಕ್ಕೆ ಮರಳುವ ಯೋಚನೆಯಲ್ಲಿದ್ದ ಮೋಗ್ಲಿಂಗ್ ಅದನ್ನು ಕೈಬಿಟ್ಟು, ಸೋಮಯ್ಯನವರೊಡನೆ ಕೊಡಗಿಗೆ ತೆರಳಿದರು. ಭೂಮಾಲೀಕರ ಅಧೀನದಲ್ಲಿ ದುಡಿಯುತ್ತಿದ್ದ ಹೊಲೆಯ ಸಮುದಾಯದವರಿಗಾಗಿ ಆನಂದಪುರ ಎಂಬ ವಸತಿ ಅಲ್ಲಿ ರೂಪುಗೊಂಡಿತು. ಕೌಂಡಿನ್ಯರ ಹೆಸರಿನಿಂದ ಆ ಊರಿಗೆ ಈ ಹೆಸರು ಬಂದಿದೆ.

ಕೊಡಗಿನ ಇತಿಹಾಸ, ಸಮಾಜ ಮತ್ತು ಆಚಾರಗಳನ್ನು ಕುರಿತು ಮೋಗ್ಲಿಂಗ್ ಇಂಗ್ಲಿಷಿನಲ್ಲಿ ಬರೆದ ‘ಕೂರ್ಗ್ ಮೆಮಾಯರ್ಸ್’ 1855ರಲ್ಲಿ ಪ್ರಕಟವಾಯಿತು. ಕೊಡಗಿನ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನೂ ಅವರು 1857ರಲ್ಲಿ ಮುದ್ರಣಕ್ಕೆ ತಂದರು.

ಕೊನೆಯ ವರ್ಷಗಳು ಮತ್ತು ಗೌರವ

ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿದ ಸೇವೆಯನ್ನು ಗುರುತಿಸಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ಪದವಿ ನೀಡಿತು. ತತ್ತ್ವಶಾಸ್ತ್ರ ಕಲಿಸಿದ ವಿಶ್ವವಿದ್ಯಾಲಯವೇ ಕನ್ನಡದ ವಿದ್ವತ್ತಿಗಾಗಿ ಅವರನ್ನು ಗೌರವಿಸಿದಂತಾಯಿತು. 1855ರಲ್ಲಿ ಮಂಗಳೂರಿನಲ್ಲಿ ನಿಧನರಾದ ವೈಗ್ಲೆಯವರ ಪತ್ನಿ ಪೌಲಿನ್ ಅವರನ್ನು ಮೋಗ್ಲಿಂಗ್ ಮುಂದೆ ವಿವಾಹವಾದರು. 1860ರಲ್ಲಿ ಜರ್ಮನಿಗೆ ಮರಳಿದ ಅವರು ಎಸ್ಲಿಂಗನ್‌ನಲ್ಲಿ 1881ರಲ್ಲಿ ನಿಧನರಾದರು.

ಮೌಲ್ಯಮಾಪನ

ಮೋಗ್ಲಿಂಗರ ಬರಹ ಮತ್ತು ಕಾರ್ಯಗಳಲ್ಲಿ ಎರಡು ಉದ್ದೇಶಗಳು ಜೊತೆಜೊತೆಯಾಗಿ ಕಾಣುತ್ತವೆ. ಮತಾಂತರ ಅವರ ಘೋಷಿತ ಗುರಿಯಾಗಿತ್ತು. ಹಿಂದೂ ಆಚರಣೆಗಳನ್ನೂ ಜಾತಿಪದ್ಧತಿಯನ್ನೂ ಖಂಡಿಸುವ ಕಿರುಹೊತ್ತಿಗೆಗಳು ಅವರು ಕೆಲಸ ಮಾಡಿದ ಮಿಷನ್ನಿನ ಮುದ್ರಣಾಲಯದಿಂದಲೇ ಹೊರಟವು. ಅದೇ ಮುದ್ರಣಾಲಯದಲ್ಲಿ ಶಿವಶರಣರ ಪುರಾಣಗಳೂ ವಿಷ್ಣುಭಕ್ತರ ಪದಗಳೂ ಅಚ್ಚಾದವು. ಜನರ ಧರ್ಮವನ್ನು ಅರಿಯದೆ ಅವರೊಡನೆ ವಾದಿಸಲಾಗದು ಎಂಬ ಮಿಷನರಿಗಳ ತರ್ಕ ಇದರ ಹಿಂದಿತ್ತೆಂದು ಒಂದು ವ್ಯಾಖ್ಯಾನವಿದೆ. ಆದರೆ ಯಕ್ಷಗಾನದ ಪ್ರಸಂಗವನ್ನು ಮುದ್ರಿಸುವುದಕ್ಕೂ, ಭಾರತದಿಂದ ಮರಳಿ ದಶಕ ಕಳೆದ ಮೇಲೆ ಲಕ್ಷ್ಮೀಶನ ಕಾವ್ಯವನ್ನು ಜರ್ಮನ್‌ಗೆ ತರುವುದಕ್ಕೂ ಆ ತರ್ಕ ಸಾಲದು. ಸಾಹಿತ್ಯವನ್ನು ಸಾಹಿತ್ಯವಾಗಿಯೇ ಮೆಚ್ಚಿದ ವಿದ್ವಾಂಸನ ಪರಿಚಯ ಅಲ್ಲಿ ದೊರೆಯುತ್ತದೆ.

ಅವರು ಹಾಕಿಕೊಟ್ಟ ಮಾರ್ಗದಲ್ಲಿ ಜಿ. ವ್ಯೂರ್ತ್ 1868ರಲ್ಲಿ ‘ಪ್ರಾಕ್ಕಾವ್ಯಮಾಲಿಕೆ’ಯನ್ನು ಸಂಕಲಿಸಿದರು. ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಮೋಗ್ಲಿಂಗರ ಜೀವನ ಮತ್ತು ಕಾರ್ಯವನ್ನು ಕುರಿತು ಶ್ರೀನಿವಾಸ ಹಾವನೂರ ಮತ್ತು ಜರ್ಮನ್ ವಿದ್ವಾಂಸ ಆಲ್‌ಬ್ರೆಕ್ಟ್ ಫ್ರೆಂಜ್ ವಿಸ್ತೃತ ಸಂಶೋಧನೆ ನಡೆಸಿದ್ದಾರೆ.

ಸ್ಮರಣೆ

‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆ ಹೊರಬಂದ ಜುಲೈ 1ನ್ನು ಕರ್ನಾಟಕದಲ್ಲಿ ಪ್ರತಿವರ್ಷ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಮಂಗಳೂರಿನಲ್ಲಿ ಜರ್ಮನ್ ಭಾಷೆ ಕಲಿಸುವ ಸಂಸ್ಥೆಯೊಂದಕ್ಕೆ ಮೋಗ್ಲಿಂಗರ ಹೆಸರನ್ನು ಇಡಲಾಗಿದೆ.

ಪ್ರಮುಖ ಕೃತಿಗಳು ಮತ್ತು ಸಂಪಾದನೆಗಳು

- ಮಂಗಳೂರು ಸಮಾಚಾರ (ಪತ್ರಿಕೆ, 1843–44)
- ಜೈಮಿನಿ ಭಾರತ, ಬಸವ ಪುರಾಣ, ಚೆನ್ನಬಸವ ಪುರಾಣ, ದಾಸರ ಪದಗಳು, ರಾವಣ ದಿಗ್ವಿಜಯ (ಬಿಬ್ಲಿಯೋಥಿಕಾ ಕರ್ನಾಟಿಕಾ, 1848–53)
- ಕೂರ್ಗ್ ಮೆಮಾಯರ್ಸ್ (ಇಂಗ್ಲಿಷ್, 1855)
- ರಾಜೇಂದ್ರನಾಮೆ (ಸಂಪಾದನೆ, 1857)
- ಹರಿದಾಸರ 24 ಪದಗಳು (ಜರ್ಮನ್ ಅನುವಾದ, 1860)
- ಕೊಡಗು ಮತ್ತು ಅಲ್ಲಿಯ ಮಿಷನ್ ಕಾರ್ಯವನ್ನು ಕುರಿತ ಗ್ರಂಥ (ವೈಟ್‌ಬ್ರೆಕ್ಟ್ ಅವರೊಡನೆ, ಜರ್ಮನ್, 1866)