ಅಂಗಿಯೇ ಹೇಳಿದ ಸಾಕ್ಷಿ

2024ರ ಆಗಸ್ಟ್‌ನಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ಒಂದು ಹಳೆಯ ಅಂಗಿ 2 ಕೋಟಿ 41 ಲಕ್ಷ ಡಾಲರಿಗೆ ಹೋಯಿತು. ಆಗಿನ ವಿನಿಮಯದಲ್ಲಿ ಸುಮಾರು 200 ಕೋಟಿ ರೂಪಾಯಿ. ಬೂದು ಬಣ್ಣದ ಫ್ಲ್ಯಾನಲ್ ಬಟ್ಟೆ, ಎದೆಯ ಮೇಲೆ ನ್ಯೂಯಾರ್ಕ್ ಎಂಬ ಅಕ್ಷರಗಳು. 1932ರ ಅಕ್ಟೋಬರ್ 1ರಂದು ಷಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ವರ್ಲ್ಡ್ ಸೀರೀಸ್‌ನ ಮೂರನೆಯ ಪಂದ್ಯ ಆಡುವಾಗ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ತೊಟ್ಟಿದ್ದ ಅಂಗಿ ಅದು. ಆ ಪಂದ್ಯದಲ್ಲಿ ರೂತ್ ಮೈದಾನದಾಚೆಯ ಪ್ರೇಕ್ಷಕರ ಕಡೆ ಕೈಮಾಡಿ ತೋರಿಸಿ, ಆಮೇಲೆ ಚೆಂಡನ್ನು ಅಲ್ಲಿಗೇ ಹಾರಿಸಿದ ಎಂಬುದು ಬೇಸ್‌ಬಾಲ್‌ನ ಪುರಾಣ. ಕೈಮಾಡಿದ್ದು ನಿಜವಾಗಿ ಅತ್ತಲೋ, ಅಥವಾ ತನ್ನನ್ನು ಹಂಗಿಸುತ್ತಿದ್ದ ಎದುರು ತಂಡದವರ ಕಡೆಗೋ ಎಂಬ ಜಗಳ ತೊಂಬತ್ತು ವರ್ಷವಾದರೂ ತೀರಿಲ್ಲ. ಕತೆಗೆ ಖಾತ್ರಿಯಿಲ್ಲ, ಅಂಗಿಗೆ ಇದೆ.

ಇದೇ ಅಂಗಿ 2005ರಲ್ಲಿ ಮಾರಾಟವಾದಾಗ ಬಂದದ್ದು 9 ಲಕ್ಷ 40 ಸಾವಿರ ಡಾಲರ್. ಇಪ್ಪತ್ತು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಇಪ್ಪತ್ತೈದು ಪಟ್ಟು. ಮಾರುಕಟ್ಟೆಯೇ ಏರಿತ್ತು, ಒಪ್ಪೋಣ. ಆದರೆ ಈ ನಡುವೆ ಇನ್ನೊಂದು ಕೆಲಸ ನಡೆದಿತ್ತು: ಅಂದಿನ ಪತ್ರಿಕಾ ಛಾಯಾಗ್ರಾಹಕರು ತೆಗೆದ ಚಿತ್ರಗಳನ್ನು ಹಿಗ್ಗಿಸಿ, ಅಂಗಿಯ ಅಕ್ಷರಗಳು ಎಲ್ಲಿ ಕೂತಿವೆ, ಗುಂಡಿಯಿಂದ ಎಷ್ಟು ದೂರ, ಎಷ್ಟು ಓರೆ ಎಂದು ತಜ್ಞರು ಒಂದೊಂದನ್ನೂ ತಾಳೆ ನೋಡಿದ್ದರು. ಕೈಯಿಂದ ಕತ್ತರಿಸಿ ಕೈಯಿಂದ ಹೊಲಿದ ಅಕ್ಷರಗಳು ಎರಡು ಅಂಗಿಗಳಲ್ಲಿ ಒಂದೇ ಥರ ಕೂರುವುದಿಲ್ಲ. 1932ರ ದರ್ಜಿಗೆ ತನ್ನ ಹೊಲಿಗೆ ಒಂದು ದಿನ ಸಾಕ್ಷಿ ಹೇಳುತ್ತದೆಂದು ಕನಸೂ ಬಿದ್ದಿರಲಾರದು. ಅದಕ್ಕೇ ಆ ಸಾಕ್ಷಿಗೆ ಅಷ್ಟು ಬೆಲೆ. ಬೇಸ್‌ಬಾಲ್ ಸ್ಮರಣಿಕೆಗಳ ಅಸಲಿತನ ಹುಡುಕುವ ಈ ವಿದ್ಯೆಯ ನೂರು ವರ್ಷದ ದಾರಿ ನೋಡಿದರೆ ನನಗೆ ಕಾಣುವುದು ಇದೇ: ಸಾಕ್ಷಿಗೆಂದೇ ಬರೆಸಿದ ಕಾಗದಗಳು ಮತ್ತೆ ಮತ್ತೆ ಕೈಕೊಟ್ಟಿವೆ, ಸಾಕ್ಷಿಯಾಗುವ ಉದ್ದೇಶವೇ ಇಲ್ಲದೆ ಉಳಿದುಕೊಂಡವು ನಿಂತಿವೆ.

ಆರಂಭದಲ್ಲಿ ಬೆಲೆಯೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಸಿಗರೇಟು ಪ್ಯಾಕು ಮುದುಡದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಆಟಗಾರರ ಚಿತ್ರ ಅಚ್ಚು ಹಾಕಿದ್ದರಿಂದ ಬೇಸ್‌ಬಾಲ್ ಕಾರ್ಡುಗಳು ಹುಟ್ಟಿಕೊಂಡವು. ಅಪ್ಪ ಸಿಗರೇಟು ಸೇದಿದ, ಮಗ ಕಾರ್ಡು ಕೂಡಿಟ್ಟ. ಇವಕ್ಕೊಂದು ಕ್ರಮ ತಂದವರು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನ ಜೆಫರ್ಸನ್ ಬರ್ಡಿಕ್. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದ ಈ ಮನುಷ್ಯ 1939ರಲ್ಲಿ ಅಮೆರಿಕದ ಕಾರ್ಡುಗಳ ಕೈಪಿಡಿಯೊಂದನ್ನು ಪ್ರಕಟಿಸಿದರು. ಟಿ-206 ಎಂಬಂಥ ಹೆಸರುಗಳು ಅವರ ವರ್ಗೀಕರಣದಿಂದ ಬಂದವು. ಇಂದಿಗೂ ಕೋಟಿಗಳ ವ್ಯವಹಾರ ಆ ಹೆಸರಲ್ಲೇ ನಡೆಯುತ್ತದೆ. ಮೂರು ಲಕ್ಷಕ್ಕೂ ಮಿಕ್ಕ ತಮ್ಮ ಸಂಗ್ರಹವನ್ನು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನ ಕೊಟ್ಟು, ಅದನ್ನು ಆಲ್ಬಂಗಳಿಗೆ ಅಂಟಿಸುವುದರಲ್ಲೇ ಕೊನೆಯ ವರ್ಷಗಳನ್ನು ಕಳೆದು 1963ರಲ್ಲಿ ತೀರಿಕೊಂಡರು. ಅಂಟಿಸುವುದು! ಇಂದಿನ ವ್ಯಾಪಾರಿ ಆ ಅಂಟು ನೋಡಿದರೆ ಎದೆ ಹಿಡಿದುಕೊಂಡಾನು.

ಅವರು ಪಟ್ಟಿ ಮಾಡಿದ ಟಿ-206 ಸರಣಿಯಲ್ಲಿ ಹೋನಸ್ ವ್ಯಾಗ್ನರ್‌ನ ಕಾರ್ಡೊಂದಿದೆ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಸರಣಿ. ತನ್ನ ಚಿತ್ರ ಹಾಕಬೇಡಿ ಎಂದು ವ್ಯಾಗ್ನರ್ ತಡೆದ. ಮಕ್ಕಳು ಕಾರ್ಡಿನಾಸೆಗೆ ತಂಬಾಕು ಕೊಳ್ಳಬಾರದೆಂಬ ಕಾಳಜಿಯೆಂದು ಕೆಲವರು, ದುಡ್ಡು ಕೊಡದ ಸಿಟ್ಟೆಂದು ಕೆಲವರು. ಅಂತೂ ಉಳಿದಿರುವವು ಹೆಚ್ಚೆಂದರೆ ಅರವತ್ತರ ಆಸುಪಾಸು. ಬರ್ಡಿಕ್ ಅದಕ್ಕೆ ಹಾಕಿದ್ದ ಬೆಲೆ 50 ಡಾಲರ್, ಆಗ ಅದೇ ಅತಿ ದುಬಾರಿ.

ಬೆಲೆಯ ಶಾಸ್ತ್ರ ಬಂದದ್ದು ತಡವಾಗಿ. ಜೇಮ್ಸ್ ಬೆಕೆಟ್ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1979ರಲ್ಲಿ ಕಾರ್ಡುಗಳ ಬೆಲೆಪುಸ್ತಕ ತಂದರು, 1984ರಿಂದ ಮಾಸಪತ್ರಿಕೆಯನ್ನೇ ಹೊರಡಿಸಿದರು. ಏರಿದ ಬೆಲೆಗೆ ಮೇಲ್ಮುಖದ ಬಾಣ, ಇಳಿದದ್ದಕ್ಕೆ ಕೆಳಮುಖದ ಬಾಣ. ಹತ್ತು ವರ್ಷದ ಹುಡುಗರು ಷೇರುಪೇಟೆಯ ಪುಟದಂತೆ ಅದನ್ನು ಓದತೊಡಗಿದರು. ಪರಿಣಾಮ ಊಹಿಸಬಹುದು: 1980ರ ದಶಕದ ಕೊನೆಗೆ ಪ್ರತಿ ಮನೆಯೂ ಕಾರ್ಡು ಕೂಡಿಡತೊಡಗಿತು, ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಎಲ್ಲರೂ ಜೋಪಾನ ಮಾಡಿದ್ದು ಯಾರಿಗೂ ಅಪರೂಪವಾಗುವುದಿಲ್ಲ. ಆ ಕಾಲದ ಪೆಟ್ಟಿಗೆಗಟ್ಟಲೆ ಕಾರ್ಡು ಇಂದು ಮುಟ್ಟುವವರಿಲ್ಲದೆ ಅಟ್ಟದ ಮೇಲಿದೆ. ಇದಕ್ಕೆ ತದ್ವಿರುದ್ಧ 1952ರ ಟಾಪ್ಸ್ ಕಂಪನಿಯ ಮಿಕ್ಕಿ ಮ್ಯಾಂಟಲ್ ಕಾರ್ಡು. ಋತು ಮುಗಿಯುತ್ತ ಬಂದಾಗ ಅಂಗಡಿಗೆ ಬಂದ ಆ ಕಂತು ಖರ್ಚಾಗಲಿಲ್ಲ. ಗೋದಾಮಿನಲ್ಲಿ ಜಾಗ ತಿನ್ನುತ್ತಿದೆಯೆಂದು ಕಂಪನಿಯ ಸೈ ಬರ್ಜರ್ 1960ರಲ್ಲಿ ಉಳಿಕೆಯನ್ನು ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು. ಮುಳುಗದೆ ಉಳಿದವುಗಳಲ್ಲೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು.

ಬೆಲೆ ಏರಿದ ಮೇಲೆ ಸ್ಥಿತಿಯ ಪ್ರಶ್ನೆ ಬಂತು. ಮೂಲೆ ಚೂಪಾಗಿದೆಯೇ, ಚಿತ್ರ ಅಂಚುಗಳ ನಡುವೆ ಸರಿಯಾಗಿ ಕೂತಿದೆಯೇ, ಮೈ ಮೇಲೆ ಗೆರೆ ಬಿದ್ದಿದೆಯೇ? ಮಾರುವವನ ಕಣ್ಣಿಗೆ ಎಲ್ಲವೂ ಹೊಸದು, ಕೊಳ್ಳುವವನ ಕಣ್ಣಿಗೆ ಎಲ್ಲವೂ ಹಳತು. ಈ ತಗಾದೆಗೆ ನಾಣ್ಯದ ವ್ಯಾಪಾರದಲ್ಲಿ ಆಗಲೇ ಮದ್ದು ಸಿಕ್ಕಿತ್ತು: ಮೂರನೆಯವನೊಬ್ಬ ನೋಡಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಬಿಡುವುದು. ನಾಣ್ಯದವರೇ 1991ರಲ್ಲಿ ಪಿಎಸ್‌ಎ ಎಂಬ ಸಂಸ್ಥೆ ಶುರುಮಾಡಿ ಕಾರ್ಡುಗಳಿಗೆ 1ರಿಂದ 10ರವರೆಗೆ ದರ್ಜೆ ಕೊಡತೊಡಗಿದರು. ಅವರು ಮುಚ್ಚಿದ ಮೊತ್ತಮೊದಲ ಡಬ್ಬಿಯೊಳಗೆ ಇದ್ದದ್ದು ಒಂದು ವ್ಯಾಗ್ನರ್ ಕಾರ್ಡು, ಸಿಕ್ಕ ಅಂಕ 8.

ಆ ಕಾರ್ಡಿನ ಜಾತಕ ಸ್ವಲ್ಪ ಬಿಚ್ಚಿ ನೋಡಬೇಕು. ಬಿಲ್ ಮ್ಯಾಸ್ಟ್ರೊ ಎಂಬ ವ್ಯಾಪಾರಿ 1985ರಲ್ಲಿ ಅದನ್ನು 25,000 ಡಾಲರಿಗೆ ಕೊಂಡಿದ್ದ. 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಪಾಲುದಾರ ಸೇರಿ ಸೋದಬೀಸ್ ಹರಾಜಿನಲ್ಲಿ 4 ಲಕ್ಷ 51 ಸಾವಿರ ತೆತ್ತರು. ಮುಂದೆ ವಾಲ್‌ಮಾರ್ಟ್ ಅಂಗಡಿಗಳ ಲಾಟರಿ ಬಹುಮಾನವಾಗಿ ಅಂಚೆ ನೌಕರಿಯ ಒಬ್ಬಾಕೆಗೆ ಒಲಿಯಿತು. ತೆರಿಗೆ ಕಟ್ಟಲಾಗದೆ ಆಕೆ ಮಾರಿದಳು. 2000ದಲ್ಲಿ 12 ಲಕ್ಷ ದಾಟಿ, 2007ರಲ್ಲಿ 28 ಲಕ್ಷ ಡಾಲರ್ ಮುಟ್ಟಿತು. ನೂರು ವರ್ಷದ ರಟ್ಟಿಗೆ ಅಷ್ಟು ಚೂಪು ಮೂಲೆ ಹೇಗೆ ಎಂಬ ಗುಸುಗುಸು ಮೊದಲಿನಿಂದಲೂ ಇತ್ತು. 2013ರಲ್ಲಿ, ಹರಾಜು ವಂಚನೆಯ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ ಮ್ಯಾಸ್ಟ್ರೊ, ಅಂಚು ಕತ್ತರಿಸಿದ್ದು ತಾನೇ ಎಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡ. 2015ರಲ್ಲಿ ಇಪ್ಪತ್ತು ತಿಂಗಳ ಜೈಲುಶಿಕ್ಷೆಯಾಯಿತು. ಅಳೆಯಲೆಂದು ಹುಟ್ಟಿದ ಸಂಸ್ಥೆಯ ಮೊದಲ ಅಳತೆಯೇ ತಪ್ಪಿತ್ತು.

ಸ್ವಾರಸ್ಯ ಇರುವುದು ಆಮೇಲೆ. 2021ರಲ್ಲಿ ಮೂಲೆ ಸವೆದು ಬರೀ 3 ಅಂಕ ಪಡೆದ ವ್ಯಾಗ್ನರ್ ಕಾರ್ಡೊಂದು 66 ಲಕ್ಷ ಡಾಲರಿಗೆ, ಮರುವರ್ಷ 2 ಅಂಕದ ಇನ್ನೊಂದು 72 ಲಕ್ಷ 50 ಸಾವಿರಕ್ಕೆ ಕೈ ಬದಲಾಯಿಸಿದವು. ಹರಿದ ಮೂಲೆಯಲ್ಲಿ ಮೋಸ ಇರಲಾರದೆಂಬ ನೆಮ್ಮದಿಗೂ ಈ ಬೆಲೆಯಲ್ಲಿ ಪಾಲಿದೆಯೆಂದು ನನ್ನ ಗುಮಾನಿ.

ಕಾರ್ಡಿನ ಕಷ್ಟ ಇಷ್ಟಾದರೆ ಹಸ್ತಾಕ್ಷರದ ಕಷ್ಟ ಇನ್ನೂ ದೊಡ್ಡದು. ರೂತ್ ಸಹಿ ಹಾಕುವುದರಲ್ಲಿ ಧಾರಾಳಿ, ಹಾಗಾಗಿ ಅಸಲಿಯೂ ಹೇರಳ, ನಕಲಿಯೂ ಹೇರಳ. ತಜ್ಞ ಮೊದಲು ನೋಡುವುದು ಸಹಿಯನ್ನಲ್ಲ, ಚೆಂಡನ್ನು. ಅಮೆರಿಕನ್ ಲೀಗ್‌ನ ಅಧಿಕೃತ ಚೆಂಡಿನ ಮೇಲೆ ಲೀಗ್ ಅಧ್ಯಕ್ಷರ ಸಹಿ ಅಚ್ಚಾಗಿರುತ್ತಿತ್ತು. ವಿಲಿಯಂ ಹ್ಯಾರಿಡ್ಜ್ 1931ರಿಂದ 1959ರವರೆಗೆ, ಆಮೇಲೆ ಜೋ ಕ್ರೋನಿನ್. ರೂತ್ ತೀರಿಕೊಂಡದ್ದು 1948ರ ಆಗಸ್ಟ್ 16ರಂದು. ಕ್ರೋನಿನ್ ಮುದ್ರೆಯ ಚೆಂಡಿನ ಮೇಲೆ ರೂತ್ ಸಹಿ ಎಷ್ಟೇ ಸೊಗಸಾಗಿದ್ದರೂ ಅದನ್ನು ಸತ್ತವನೇ ಎದ್ದು ಬಂದು ಹಾಕಿರಬೇಕು. ಶಾಯಿಯೂ ಮಾತಾಡುತ್ತದೆ. ಬಾಲ್‌ಪಾಯಿಂಟ್ ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದು 1945ರ ಕೊನೆಗೆ. ರೂತ್‌ನ ಜೊತೆಗಾರ ಲೂ ಗೆರಿಗ್ ಸತ್ತದ್ದು 1941ರಲ್ಲಿ. ಬಾಲ್‌ಪಾಯಿಂಟ್‌ನಲ್ಲಿ ಗೆರಿಗ್ ಸಹಿ ತಂದವನಿಗೆ ಬಾಗಿಲು ತೋರಿಸಬಹುದು. ಕಾಗದ, ಬಟ್ಟೆಗಳ ಬಿಳುಪು ಹೆಚ್ಚಿಸುವ ರಾಸಾಯನಿಕ ವ್ಯಾಪಕವಾದದ್ದು ಎರಡನೆಯ ಮಹಾಯುದ್ಧದ ಅನಂತರ. ನೇರಳಾತೀತ ದೀಪದಡಿ ಅದು ನೀಲಿಯಾಗಿ ಹೊಳೆಯುತ್ತದೆ. ಬಟ್ಟೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಹಳೆಯ ಅಂಗಿಯನ್ನು ಯಾರೋ ಪುಣ್ಯಾತ್ಮರು ಇತ್ತೀಚಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ.

ಓದುಬರಹ ಬಾರದ ಆಟಗಾರ ‘ಷೂಲೆಸ್’ ಜೋ ಜಾಕ್ಸನ್‌ನದು ಬೇರೆಯೇ ಕತೆ. ಅಭಿಮಾನಿಗಳ ಪತ್ರಕ್ಕೆ ಅವನ ಹೆಂಡತಿ ಕೇಟಿಯೇ ಅವನ ಹೆಸರು ಬರೆಯುತ್ತಿದ್ದಳು. ಅವನು ಕಷ್ಟಪಟ್ಟು ತಾನೇ ಗೀಚಿದ ಸಹಿಗಳು ಬೆರಳೆಣಿಕೆಯಷ್ಟು. ಅಂಥ ಸಹಿಯಿದ್ದ ಫೋಟೊ ಒಂದು 2021ರಲ್ಲಿ 14 ಲಕ್ಷ 70 ಸಾವಿರ ಡಾಲರ್ ಮುಟ್ಟಿತು. ನೀಟಾಗಿ ಬರೆದಿದ್ದರೆ ಅನುಮಾನಿಸಬೇಕಾದ ಏಕೈಕ ಸಹಿ ಇದಿರಬೇಕು.

ಇದೇ ಜಾಕ್ಸನ್‌ನ 1919ರ ಅಂಗಿಯೆಂದು ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಸಂಗ್ರಹಾಲಯದಲ್ಲಿ ಒಂದಿತ್ತು. ಬ್ಯಾರಿ ಹಾಲ್ಪರ್ ಎಂಬ ದೊಡ್ಡ ಸಂಗ್ರಾಹಕನಿಂದ ಬಂದದ್ದು. ಅವನ ಉಳಿದ ಸಂಗ್ರಹ 1999ರಲ್ಲಿ ಸೋದಬೀಸ್‌ನಲ್ಲಿ 2 ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾಗಿತ್ತು. ‘ಹಾಲ್ಪರ್ ಹತ್ತಿರ ಇತ್ತು’ ಎಂಬ ಮಾತೇ ಆಗ ಪ್ರಮಾಣಪತ್ರ. ಅವನು ಸತ್ತು ಕೆಲವು ವರ್ಷದ ಮೇಲೆ ಆ ಅಂಗಿಯನ್ನು ಪರೀಕ್ಷೆಗೆ ಕೊಟ್ಟಾಗ, ಲಾಂಛನದಲ್ಲಿ 1941ಕ್ಕೆ ಮೊದಲು ಬಳಕೆಯಲ್ಲೇ ಇಲ್ಲದ ಆಕ್ರಿಲಿಕ್ ಪಾಲಿಮರ್ ಸಿಕ್ಕಿತು. ನಮ್ಮ ಶಾಸನ ಓದುವವರಿಗೆ ಇದು ಪರಿಚಿತ ದಾರಿ. ಗಂಗರ ಹಲವು ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದ್ದು, ಬಿ.ಎಲ್. ರೈಸ್ ಅವುಗಳ ಪರ ನಿಂತದ್ದು ಕರ್ನಾಟಕದ ಇತಿಹಾಸಕಾರರ ಹಳೆಯ ಜಗಳ. ಪಟ ಹೇಳಿಕೊಳ್ಳುವ ಕಾಲ ಒಂದು, ಅದರ ಲಿಪಿ ಬಾಯಿಬಿಡುವ ಕಾಲ ಇನ್ನೊಂದು. ಅಲ್ಲಿ ಲಿಪಿ, ಇಲ್ಲಿ ಪಾಲಿಮರ್.

1990ರ ದಶಕದಲ್ಲಿ ನಕಲಿ ಸಹಿ ಕುಶಲ ಕೈಗಾರಿಕೆಯಾಗಿಬಿಟ್ಟಿತ್ತು. ಸ್ಯಾನ್ ಡಿಯಾಗೊ ಪಾಡ್ರೆಸ್ ತಂಡದ ಟೋನಿ ಗ್ವಿನ್ ತನ್ನ ತಂಡದ ಅಂಗಡಿಯಲ್ಲೇ ತನ್ನ ಹೆಸರಿನ ಸುಳ್ಳು ಸಹಿಗಳನ್ನು ಕಂಡು ದೂರಿದ. ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಲ್ಲಿ ಗುಟ್ಟಾಗಿ ತನಿಖೆ ನಡೆಸಿ 1999ರ ಅಕ್ಟೋಬರ್‌ನಲ್ಲಿ ಜಾಲದ ಮೇಲೆ ದಾಳಿಯಿಟ್ಟಿತು. ಹಳೆಯ ಪುಸ್ತಕಗಳ ಖಾಲಿ ಹಾಳೆ ಹರಿದು ಅದರ ಮೇಲೆ ಸಹಿ, ಹೊಸ ಚೆಂಡಿಗೆ ಅರಗಿನ ಲೇಪ ಕೊಟ್ಟು ಮುಪ್ಪು, ಪ್ರತಿಯೊಂದಕ್ಕೂ ಚಿನ್ನದ ಅಂಚಿನ ಪ್ರಮಾಣಪತ್ರ. ಅಲ್ಲಿ ಸಿಕ್ಕ ಮಾಲಿನಲ್ಲಿ ನನಗೆ ಮರೆಯಲಾಗದ್ದು ಒಂದೇ: ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್‌ಗಳು. ಕೋಲ್ಕತ್ತಾದ ಆ ತಾಯಿ ಬೇಸ್‌ಬಾಲ್ ಹಿಡಿದು ಕೂತ ದೃಶ್ಯವನ್ನು ಕೊಳ್ಳುವವರು ಕಲ್ಪಿಸಿಕೊಂಡರೋ ಇಲ್ಲವೋ, ದುಡ್ಡಂತೂ ಕೊಟ್ಟರು. ಪ್ರಮಾಣಪತ್ರ ಇತ್ತಲ್ಲ!

ಇದರಿಂದ ಬುದ್ಧಿ ಕಲಿತ ಮೇಜರ್ ಲೀಗ್ ಬೇಸ್‌ಬಾಲ್ 2001ರಲ್ಲಿ ಬೇರೆಯೇ ಪದ್ಧತಿ ಹಿಡಿಯಿತು. ವಸ್ತುವನ್ನು ಆಮೇಲೆ ಪರೀಕ್ಷಿಸುವ ಬದಲು, ಘಟನೆ ನಡೆವಾಗಲೇ ಕಣ್ಣಿಟ್ಟು ನೋಡುವುದು. ಪ್ರತಿ ಪಂದ್ಯದಲ್ಲೂ ಹಾಲಿ ಅಥವಾ ನಿವೃತ್ತ ಪೊಲೀಸರು ಆಟಗಾರರ ಬೆಂಚಿನ ಪಕ್ಕ ಕೂತಿರುತ್ತಾರೆ. ಆಟದಿಂದ ಹೊರಬಿದ್ದ ಚೆಂಡು, ಮುರಿದ ಬ್ಯಾಟು, ಬೇಸ್, ಕೊನೆಗೆ ಮೈದಾನದ ಮಣ್ಣಿಗೂ ಅವರೆದುರೇ ಸಂಖ್ಯೆಯಿರುವ ಹೊಲೊಗ್ರಾಮ್ ಚೀಟಿ ಬೀಳುತ್ತದೆ; ಕಿತ್ತರೆ ಚೀಟಿ ಹಾಳು. ಕಣ್ಣಿಂದ ಒಂದು ಕ್ಷಣ ಮರೆಯಾದರೂ ಚೀಟಿಯಿಲ್ಲ. ಪ್ರೇಕ್ಷಕರ ನಡುವೆ ಬಿದ್ದ ಹೋಂರನ್ ಚೆಂಡಿಗೆ ಸಾಮಾನ್ಯವಾಗಿ ಮಾನ್ಯತೆ ಸಿಗದಿರುವುದು ಇದಕ್ಕೇ. ದಾಖಲೆಯ ಹೊಡೆತ ಹತ್ತಿರವಾದಾಗ ಚೆಂಡುಗಳ ಮೇಲೆ ಕಣ್ಣಿಗೆ ಕಾಣದ ಗುರುತು ಹಾಕುವ ಉಪಾಯ 1998ರಲ್ಲೇ, ಮಾರ್ಕ್ ಮಗ್ವಾಯರ್‌ಗಾಗಿ, ಶುರುವಾಗಿತ್ತು.

ಆದರೆ ಹಳೆಯ ಕಾಲಕ್ಕೆ ಪೊಲೀಸರನ್ನು ಕಳಿಸಲಾಗದು. ಅಲ್ಲಿ ಬೇರೆ ಪುಣ್ಯವಂತರಿದ್ದಾರೆ. ಕೆಂಟಕಿಯ ಲೂಯಿವಿಲ್‌ನಲ್ಲಿ ಬ್ಯಾಟು ತಯಾರಿಸುವ ಹಿಲರಿಕ್ ಅಂಡ್ ಬ್ರಾಡ್ಸ್‌ಬಿ ಕಾರ್ಖಾನೆಗೆ ಆಟಗಾರರು ಕೈಗೆ ಒಗ್ಗಿದ ಬ್ಯಾಟನ್ನು ವಾಪಸು ಕಳಿಸಿ ‘ಇಂಥದ್ದೇ ಇನ್ನಷ್ಟು’ ಎನ್ನುತ್ತಿದ್ದರು. ಅಲ್ಲಿಯ ಕೆಲಸಗಾರ ಅದು ಕಲಬೆರಕೆಯಾಗದಿರಲೆಂದು ಬ್ಯಾಟಿನ ಮೈಮೇಲೆ ಪೆನ್ಸಿಲಿನಲ್ಲಿ ಆಟಗಾರನ ಹೆಸರು, ಬಂದ ತಾರೀಖು ಗೀಚಿಡುತ್ತಿದ್ದ. ಆ ಗೀಚು ಇರುವ ಬ್ಯಾಟಿಗೆ ಇಂದು ಎಲ್ಲಿಲ್ಲದ ಮರ್ಯಾದೆ. ಚಾರ್ಲ್ಸ್ ಕಾನ್ಲನ್ ಎಂಬ ಇನ್ನೊಬ್ಬರು ನ್ಯೂಯಾರ್ಕ್‌ನ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸದವರು. ಬಿಡುವಿನಲ್ಲಿ ಮೈದಾನಕ್ಕೆ ಹೋಗಿ 1904ರಿಂದ 1942ರವರೆಗೆ ಆಟಗಾರರ ಚಿತ್ರ ತೆಗೆದರು, ಬಹಳಷ್ಟು ಗಾಜಿನ ಫಲಕಗಳ ಮೇಲೆ. ಗಾಜಿನ ನೆಗೆಟಿವ್ ಹಿಗ್ಗಿಸಿದಷ್ಟೂ ಬಟ್ಟೆಯ ನೂಲು ಕಾಣಿಸುತ್ತದೆ. ಇಂಥವರು ಬಿಟ್ಟುಹೋದ ಚಿತ್ರಗಳಿಲ್ಲದಿದ್ದರೆ ಅಂಗಿಗಳನ್ನು ಫೋಟೊಗೆ ತಾಳೆ ನೋಡುವ ವಿದ್ಯೆ ಹುಟ್ಟುತ್ತಲೇ ಇರಲಿಲ್ಲ.

ಅಸಲಿಯೆಂದು ಗೊತ್ತಾದರೂ ಬೆಲೆ ನಿಲ್ಲುತ್ತದೆಂದಿಲ್ಲ. ಮಗ್ವಾಯರ್ ಒಂದೇ ಋತುವಿನಲ್ಲಿ ಹೊಡೆದ 70ನೆಯ ಹೋಂರನ್ ಚೆಂಡನ್ನು ಕಾಮಿಕ್ಸ್ ಕಲಾವಿದ ಟಾಡ್ ಮ್ಯಾಕ್‌ಫಾರ್ಲೇನ್ 1999ರಲ್ಲಿ 30 ಲಕ್ಷ ಡಾಲರ್ ಕೊಟ್ಟು ಕೊಂಡ. ಮೂರೇ ವರ್ಷದಲ್ಲಿ ಬ್ಯಾರಿ ಬಾಂಡ್ಸ್ 73 ಹೊಡೆದ. 2010ರಲ್ಲಿ ಮಗ್ವಾಯರ್ ಸ್ಟೀರಾಯ್ಡ್ ತಗೊಂಡದ್ದನ್ನು ಒಪ್ಪಿಕೊಂಡ. ಗುರುತು ಹಾಕಿದ ಚೆಂಡು ಅಸಲಿಯೇ, ಹೊಡೆದವನ ತೋಳು ಅಸಲಿಯಲ್ಲ. ಬಾಂಡ್ಸ್‌ನ 73ನೆಯ ಚೆಂಡಿಗೆ ಇಬ್ಬರು ಪ್ರೇಕ್ಷಕರು ಕಿತ್ತಾಡಿದರು: ಒಬ್ಬನ ಕೈಗವಸಿಗೆ ಬಿದ್ದು, ನೂಕುನುಗ್ಗಲಿನಲ್ಲಿ ಜಾರಿ, ಇನ್ನೊಬ್ಬನಿಗೆ ಸಿಕ್ಕಿತ್ತು. ಸ್ಯಾನ್ ಫ್ರಾನ್ಸಿಸ್ಕೊ ನ್ಯಾಯಾಲಯ 2002ರ ಡಿಸೆಂಬರ್‌ನಲ್ಲಿ ಮಾರಿ ಸಮನಾಗಿ ಹಂಚಿಕೊಳ್ಳಿ ಎಂದಿತು. ಹರಾಜಿನ ಕೂಗು ನಾಲ್ಕೂವರೆ ಲಕ್ಷಕ್ಕೆ ನಿಂತಿತು.

2024ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಶೋಹೇ ಓಟಾನಿ ಮಯಾಮಿಯಲ್ಲಿ ಹೊಡೆದ ಆ ಋತುವಿನ ಐವತ್ತನೆಯ ಹೋಂರನ್ ಚೆಂಡು ತೈವಾನಿನ ಕಂಪನಿಯೊಂದಕ್ಕೆ 43 ಲಕ್ಷ 92 ಸಾವಿರ ಡಾಲರಿಗೆ ಮಾರಾಟವಾಯಿತು. ಚೆಂಡು ಅದೇನಾ ಎಂಬುದು ಈ ಸಲ ತಗಾದೆಯಾಗಲಿಲ್ಲ. ಅದು ಮೊದಲು ಯಾರ ಕೈಯಲ್ಲಿತ್ತು ಎಂಬುದಕ್ಕೆ ಪ್ರೇಕ್ಷಕರು ಕೋರ್ಟು ಹತ್ತಿದರು, ಮತ್ತು ತಮ್ಮ ವಾದಕ್ಕೆ ಆಧಾರವಾಗಿ ಮುಂದಿಟ್ಟದ್ದು ಸುತ್ತಲಿದ್ದವರು ಸುಮ್ಮನೆ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ.