ಘಟ್ಟದ ಮೇಲಿನ ಗಾಡಿ, ಇಂಧನ ಮತ್ತು ತೆರಿಗೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಸಾಗಾಟಕ್ಕೆ ಮೊದಲಿದ್ದ ಇಂಧನವೆಂದರೆ ಹುಲ್ಲು ಮತ್ತು ಹಿಂಡಿ. ಶಿರಸಿಯ ಅಡಿಕೆ, ಕಾಳುಮೆಣಸು, ಯಾಲಕ್ಕಿ ಎತ್ತಿನ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಮರಳುವ ಗಾಡಿಗಳಲ್ಲಿ ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೆ ಬರುತ್ತಿದ್ದವು. ಯಲ್ಲಾಪುರದಿಂದ ಅಂಕೋಲೆಗೆ ಇಳಿಯಲು ಅರಬೈಲ್ ಘಟ್ಟವಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ರಸ್ತೆ ಮತ್ತು ಸೇತುವೆಗಳ ಮೇಲೆ ಸುಂಕ ಎತ್ತಲು ಆ ಪ್ರಾಂತ್ಯದಲ್ಲಿ 1875ರ ಕಾಯ್ದೆ ಜಾರಿಗೆ ಬಂತು. ಎತ್ತಿನ ಗಾಡಿಯ ಕಾಲದ ಈ ಸುಂಕ ದಾರಿಗೆ ಸಲ್ಲುವ ಹಣವಾಗಿತ್ತು. ಗಾಡಿ ಯಾವುದರಿಂದ ಓಡುತ್ತದೆ ಎಂಬ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ.

ಮೋಟಾರು ಬಂದ ಮೇಲೆ ಲೆಕ್ಕ ಬದಲಾಯಿತು. ಮುಂಬಯಿ ಪ್ರಾಂತ್ಯದ 1935ರ ಮೋಟಾರು ವಾಹನ ತೆರಿಗೆ ಕಾಯ್ದೆಯಿಂದ ಕರ ದಾರಿಯನ್ನು ಬಿಟ್ಟು ವಾಹನದ ಮೇಲೆಯೇ ಬಿತ್ತು. ಅದೇ ವರ್ಷದ ಭಾರತ ಸರ್ಕಾರ ಕಾಯ್ದೆ ಕರ ಹಾಕುವ ಅಧಿಕಾರವನ್ನು ಕೇಂದ್ರ ಮತ್ತು ಪ್ರಾಂತ್ಯಗಳ ನಡುವೆ ಹಂಚಿತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿಯೂ ಈ ಹಂಚಿಕೆ ಮುಂದುವರಿಯಿತು: ವಾಹನದ ಮೇಲಿನ ತೆರಿಗೆ ರಾಜ್ಯದ್ದು, ಆದಾಯದ ಮೇಲಿನ ತೆರಿಗೆ ಕೇಂದ್ರದ್ದು, ಕೃಷಿ ಆದಾಯದ ತೆರಿಗೆ ಮಾತ್ರ ಮತ್ತೆ ರಾಜ್ಯದ್ದು. ಎಂಟು ದಶಕಗಳ ನಂತರ ವಿದ್ಯುತ್ ವಾಹನಕ್ಕೆ ರಿಯಾಯಿತಿ ಬಂದಾಗ ಅದರ ಫಲ ಯಾರಿಗೆ ಎಂಬುದನ್ನು ನಿರ್ಧರಿಸಿದ್ದು ಈ ಹಂಚಿಕೆಯೇ.

ಪೆಟ್ರೋಲಿಗೆ ಬದಲಿ ಇಂಧನ ಕನ್ನಡ ನಾಡಿನ ರಸ್ತೆಗಳಿಗೆ ಮೊದಲು ವ್ಯಾಪಕವಾಗಿ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಇದ್ದಿಲ ಅನಿಲಕ್ಕೆ ತಿರುಗಿದವು. ಬಸ್ಸಿನ ಹಿಂಬದಿಗೆ ಆಳೆತ್ತರದ ಉಕ್ಕಿನ ಕೊಳವಿ ಕೂರಿಸಿ, ಅದಕ್ಕೆ ಇದ್ದಿಲು ತುಂಬಿ, ಕೆಳಗೆ ಬೆಂಕಿ ಹಾಕುತ್ತಿದ್ದರು. ಕ್ಲೀನರ್ ಕೈಯಿಂದ ಬೀಸಣಿಗೆ ತಿರುಗಿಸಿ ಗಾಳಿ ಊದಬೇಕು. ಸಾಲದಷ್ಟು ಗಾಳಿಯಲ್ಲಿ ಕೆಂಡ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟಬೇಕು. ಅದು ಸೋಸುವ ಡಬ್ಬಿ ದಾಟಿ ಎಂಜಿನ್ ಸೇರಬೇಕು. ಬಸ್ಸು ಹೊರಡುವಷ್ಟರಲ್ಲಿ ಕಾಲು ಗಂಟೆ ಕಳೆಯುತ್ತಿತ್ತು. ಪೆಟ್ರೋಲಿಗೆ ಹೋಲಿಸಿದರೆ ಎಂಜಿನ್ನಿನ ಬಲ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಕುಗ್ಗುತ್ತಿದ್ದುದರಿಂದ ಏರಿನಲ್ಲಿ ಪ್ರಯಾಣಿಕರು ಇಳಿದು ತಳ್ಳುವುದು ಸಾಮಾನ್ಯವಾಗಿತ್ತು. ಈ ಬದಲಾವಣೆಯ ಹಿಂದೆ ಇದ್ದದ್ದು ಅಭಾವ. ಪೆಟ್ರೋಲು ಧಾರಾಳವಾಗಿ ಸಿಗತೊಡಗಿದಾಗ ಇದ್ದಿಲ ಬಸ್ಸುಗಳು ಕಣ್ಮರೆಯಾದವು.

1956ರ ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಮರುವರ್ಷ ಬಂದ 1957ರ ಮೋಟಾರು ವಾಹನ ತೆರಿಗೆ ಕಾಯ್ದೆ ತಿದ್ದುಪಡಿಗಳೊಂದಿಗೆ ಇಂದಿಗೂ ಕರ್ನಾಟಕದ ವಾಹನ ತೆರಿಗೆಗೆ ಆಧಾರ. ಶಿರಸಿಯ ಸಾರಿಗೆ ಕಚೇರಿಯ ಕೆಎ 31 ಸಂಖ್ಯೆಯ ವಾಹನಗಳು ಕರ ಕಟ್ಟುವುದು ಇದರ ಅಡಿಯಲ್ಲಿ. ಕಾಲಕ್ರಮದಲ್ಲಿ ಖಾಸಗಿ ವಾಹನಗಳ ಮಟ್ಟಿಗೆ ಇದು ಖರೀದಿಯ ಹೊತ್ತಿನಲ್ಲಿಯೇ ಒಮ್ಮೆಗೆ ಕಟ್ಟುವ ಆಜೀವ ತೆರಿಗೆಯಾಯಿತು.

ಬ್ಯಾಟರಿ ಕಾರು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ರೇವಾ 2001ರಲ್ಲಿಯೇ ರಸ್ತೆಗಿಳಿದಿತ್ತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ರಾಜ್ಯ ಈ ವಾಹನಗಳಿಗೆ ಆಜೀವ ತೆರಿಗೆಯನ್ನು ಪೂರ್ತಿ ಬಿಟ್ಟಿತು. 2024ರಲ್ಲಿ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯವುಗಳಿಗೆ ಶೇ. 10ರಷ್ಟು ತೆರಿಗೆ ಹಾಕಿತು. ಕೇಂದ್ರದ ಕಡೆಯಿಂದ 2019ರ ಆಗಸ್ಟ್ 1ರಂದು ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಹಸಿರು ಫಲಕದ ಮೇಲೆ ಬಿಳಿ ಅಕ್ಷರದ ಸಂಖ್ಯೆ ಖಾಸಗಿ ವಿದ್ಯುತ್ ವಾಹನದ ಗುರುತಾಯಿತು.

ಅದೇ 2019ರ ಜುಲೈ ಬಜೆಟ್ಟಿನಲ್ಲಿ ಬಂದದ್ದು ಆದಾಯ ತೆರಿಗೆ ಕಾಯ್ದೆಯ 80ಇಇಬಿ ಕಲಮು. ವಿದ್ಯುತ್ ವಾಹನ ಕೊಳ್ಳಲು ಮಾಡಿದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 1,50,000 ರೂಪಾಯಿವರೆಗೆ ಆದಾಯದಿಂದ ಕಳೆಯಲು ಅದು ಅವಕಾಶ ಕೊಟ್ಟಿತು. 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಸಾಲ ಮಂಜೂರಾಗಿರಬೇಕು, ಸಾಲಗಾರ ವ್ಯಕ್ತಿಯಾಗಿರಬೇಕು, ಸಾಲ ಬ್ಯಾಂಕಿನದೋ ಕಾಯ್ದೆ ಒಪ್ಪಿದ ಹಣಕಾಸು ಕಂಪನಿಯದೋ ಆಗಿರಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಕಡಿತವಿಲ್ಲ.

ಘಟ್ಟದ ಮೇಲಿನ ಬದುಕಿಗೆ ಈ ಷರತ್ತುಗಳು ಹೊಂದಲಿಲ್ಲ. ಇಲ್ಲಿನ ಮುಖ್ಯ ಆದಾಯ ಅಡಿಕೆ. ತೋಟದ ಬೆಳೆಯನ್ನು ಬೆಳೆಗಾರನೇ ಒಣಗಿಸಿ, ಸುಲಿದು ಚಾಲಿ ಮಾಡಿ ಮಾರಿದರೂ ಅದು ಕೃಷಿ ಆದಾಯವೇ. 1961ರ ಆದಾಯ ತೆರಿಗೆ ಕಾಯ್ದೆಯ 10(1)ನೆಯ ಕಲಮು ಅದನ್ನು ಕೇಂದ್ರದ ತೆರಿಗೆಯಿಂದ ಹೊರಗಿಟ್ಟಿತ್ತು. ತೆರಿಗೆಯೇ ಇಲ್ಲದ ಆದಾಯದಿಂದ ಬಡ್ಡಿ ಕಳೆಯುವ ಮಾತೂ ಇಲ್ಲ. ಇನ್ನು ಸಾಲದ ವಿಚಾರ. ಕೆನರಾ ಡಿಸಿಸಿ ಬ್ಯಾಂಕು 1920ರಿಂದ, ತೋಟಗಾರರ ಮಾರಾಟ ಸಂಘವಾದ ಟಿಎಸ್‌ಎಸ್ 1923ರಿಂದ ಕಟ್ಟಿ ಬೆಳೆಸಿದ ಸಹಕಾರದ ನಾಡು ಇದು. ಕೈಸಾಲಕ್ಕೂ ಬೆಳೆಸಾಲಕ್ಕೂ ಜನ ಮೊದಲು ಹೋಗುವುದು ಊರಿನ ಸೊಸೈಟಿಗೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಈ ಕಲಮಿನ ಅರ್ಥದಲ್ಲಿ ಬ್ಯಾಂಕಲ್ಲ. ಹೀಗಾಗಿ ಕಡಿತ ದಕ್ಕಿದ್ದು ಬ್ಯಾಂಕಿನಿಂದಲೋ ಅಂಥ ಹಣಕಾಸು ಕಂಪನಿಯಿಂದಲೋ ಸಾಲ ಪಡೆದ ಶಿಕ್ಷಕರು, ನೌಕರರು, ವ್ಯಾಪಾರಿಗಳಂಥ ತೆರಿಗೆದಾರರಿಗೆ ಮಾತ್ರ.

ಎರಡು ರಿಯಾಯಿತಿಗಳ ಅಂತರ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. 10ರಿಂದ 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇ. 17, 12 ಲಕ್ಷದ ಕಾರಿಗೆ ಉಪಕರ ಬಿಟ್ಟು 2,04,000 ರೂಪಾಯಿ. ಅದೇ ಬೆಲೆಯ ವಿದ್ಯುತ್ ಕಾರಿಗೆ ವಿನಾಯಿತಿಯಲ್ಲಿ ಇಷ್ಟೂ ಉಳಿಯುತ್ತಿತ್ತು, ಕೊಳ್ಳುವವರು ತೋಟಿಗರಾದರೂ ನೌಕರರಾದರೂ. ಬಡ್ಡಿ ಕಡಿತದಲ್ಲಾದರೆ, ವರ್ಷಕ್ಕೆ 1 ಲಕ್ಷ ಬಡ್ಡಿ ಕಟ್ಟಿದ ಶೇ. 20ರ ದರದ ತೆರಿಗೆದಾರರಿಗೆ ಉಳಿಯುವುದು ಸುಮಾರು 20,000 ರೂಪಾಯಿ.

ಇದ್ದಿಲ ಬಸ್ಸಿನ ಕಾಲದಲ್ಲಿ ಇಂಧನ ಕೊಟ್ಟದ್ದು ಕಾಡು. ಇಂದು ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿಯಲ್ಲಿ ಕಾಳಿ ನದಿಯಿಂದ 120 ಮೆಗಾವಾಟ್ ವಿದ್ಯುತ್ ಉತ್ಪಾದಿಸುವ ಸಾಮರ್ಥ್ಯವಿದ್ದು, ಅದು ರಾಜ್ಯದ ಜಾಲ ಸೇರುತ್ತದೆ. ಇಂಧನಕ್ಕೆ ಕಾಡನ್ನೂ ನದಿಯನ್ನೂ ಕೊಟ್ಟ ಈ ತಾಲ್ಲೂಕುಗಳ ಬೆಳೆಗಾರರಿಗೆ ತಲುಪಿದ್ದು ವಾಹನ ನೋಂದಣಿಯಲ್ಲಿ ರಾಜ್ಯ ಬಿಟ್ಟುಕೊಟ್ಟ ಕರ; ಆದಾಯ ತೆರಿಗೆಯ ಕಡಿತವಲ್ಲ. ಆ ಕಡಿತಕ್ಕೆ ಅರ್ಹವಾಗುವ ಹೊಸ ಸಾಲಗಳ ಅವಧಿ 2023ರ ಮಾರ್ಚ್ 31ಕ್ಕೆ ಮುಗಿಯಿತು. ಅಷ್ಟರೊಳಗೆ ಸಾಲ ಮಂಜೂರಾದವರು, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡರೆ, ಸಾಲ ತೀರುವವರೆಗೆ ಅದನ್ನು ಪಡೆಯಬಹುದು.